ಬಿಸಿಲು ಕಾಣದ ಹತ್ತಿ

ಜಗಳೂರು ಕಡೆಯ ಪಿಂಜಾರರ ಮಾಬಮ್ಮನನ್ನು ಕಂಡವರೆಲ್ಲ ಒಳ್ಳೆಯ ಹೆಂಗಸು ಎನ್ನುತ್ತಾರೆ. ಅನ್ನಲಿ. ಒಳ್ಳೆಯವಳು ಹೌದು, ಕ್ಷಮಿಸುವವಳು ಮಾತ್ರ ಅಲ್ಲ. ಈ ಎರಡನ್ನೂ ಒಂದೇ ಚೀಲಕ್ಕೆ ತುರುಕುವ ಜನರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಗಂಡನನ್ನು ಮಣ್ಣು ಮಾಡಿಸಿದವನ ಮುಂದೆ ಎರಡು ವರ್ಷ ತಲೆ ಬಗ್ಗಿಸಿ ದುಡಿದು, ಕೊನೆಗೆ ಅವನ ಬಾಯಿಂದಲೇ ಸತ್ಯ ಕಕ್ಕಿಸಿದ ಹೆಂಗಸು ಅವಳು. ಅದು ಹೇಗಾಯಿತು ಅಂತ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡಿ.

ಪಿಂಜಾರರೆಂದರೆ ಹತ್ತಿ ಹಿಂಜಿ ಗಾದಿ, ದಿಂಬು ಹೊಲಿಯುವವರು. ಆಳೆತ್ತರದ ಮರದ ಬಿಲ್ಲು, ಅದಕ್ಕೆ ಬಿಗಿದ ನರದ ತಂತಿ, ತಂತಿಗೆ ಹೊಡೆಯಲು ಒಂದು ಮರದ ಕೊಡತಿ. ಇಷ್ಟೇ ಅವರ ಆಸ್ತಿ. ತಂತಿ ಕುಣಿದರೆ ಗಂಟು ಕಟ್ಟಿದ ಹತ್ತಿ ಹಾಲಿನ ನೊರೆಯ ಹಾಗೆ ಏಳುತ್ತದೆ. ಮಾಬಮ್ಮನ ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಹೆಂಗಸರು ಹತ್ತಿ ಬಿಡಿಸುವುದು, ಹೊಲಿಯುವುದು ಬಿಟ್ಟು ಬಿಲ್ಲು ಮುಟ್ಟುವ ರೂಢಿ ಇಲ್ಲದಿದ್ದರೂ ಅವನು ಮಗಳಿಗೇ ಬಿಲ್ಲು ಹಿಡಿಯುವುದನ್ನು ಕಲಿಸಿದ. ಜತೆಗೆ ಎರಡು ಮಾತು ಕಲಿಸಿದ. ಬಿಸಿಲು ಕಾಣದ ಹತ್ತಿಗೆ ಬಿಲ್ಲು ಹಚ್ಚಬೇಡ. ಕೆಲಸಕ್ಕೆ ಕೂರುವ ಮೊದಲು ಖಾಲಿ ತಂತಿಗೆ ಒಂದು ಏಟು ಹಾಕಿ ನೋಡು. ಟೊಂಯ್ ಎಂದರೆ ಕೂರು, ಭದ್ ಎಂದರೆ ಆ ಜಾಗದಲ್ಲಿ ತೇವ ಇದೆ, ಬಿಲ್ಲು ಹೆಗಲಿಗೇರಿಸಿಕೊಂಡು ಎದ್ದು ಬಾ.

ಜಗಳೂರು ಸೀಮೆಯಲ್ಲಿ ಹುಟ್ಟಿದವಳು ತಂತಿ ಭದ್ ಎನ್ನುವುದನ್ನು ಎಲ್ಲಿ ಕೇಳಬೇಕು? ಆ ಕಡೆ ಹಿಂಡಿ ಹರವಿದ ಸೀರೆ ಎಲೆಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಒಣಗುತ್ತದೆ. ಗಂಡ ಸುಬಾನಸಾಬ ಅವಳಿಗೆ ಸರಿಜೋಡಿ. ಬಿಲ್ಲು ಹೊತ್ತು ಹಳ್ಳಿ ಹಳ್ಳಿ ತಿರುಗಿ, ಯಾರ ಅಂಗಳದಲ್ಲಿ ಕರೆದರೆ ಅಲ್ಲಿ ಕೂತು, ಹಾಡು ಹೇಳಿಕೊಂಡು ಹಿಂಜುವವನು. ಅವನ ಹಾಡು ಕೇಳಲೆಂದೇ ಹಳೆಯ ಗಾದಿ ಬಿಚ್ಚಿಸಿದ ಮನೆಗಳೂ ಇದ್ದವು. ಇಬ್ಬರಿಗೂ ಒಬ್ಬಳೇ ಮಗಳು, ಮೆಹರಾಜ.

ಸಾವಿರದ ಒಂಬೈನೂರ ಮೂವತ್ತೇಳರ ಬೇಸಿಗೆಯಲ್ಲಿ ನಬೀಸಾಬ್ ಬಂದ. ಹೊನ್ನಾಳಿಯ ಹತ್ತಿ ವ್ಯಾಪಾರಿ, ಮಾಬಮ್ಮನಿಗೆ ತಾಯಿಯ ಕಡೆಯಿಂದ ದೂರದ ಸೋದರಮಾವ. ಅವನೂ ಪಿಂಜಾರನೇ, ಅವನಪ್ಪನೂ ಬಿಲ್ಲು ಹೊತ್ತು ತಿರುಗಿದವನೇ. ಇದನ್ನು ಮರೆಯಬೇಡಿ, ಏಕೆಂದರೆ ಗೊತ್ತಿಲ್ಲದೆ ಮಾಡಿದ ತಪ್ಪಿಗೂ ಗೊತ್ತಿದ್ದು ಮಾಡಿದ ತಪ್ಪಿಗೂ ಬೇರೆ ಬೇರೆ ಲೆಕ್ಕ.

"ಯಾಕೆ ಈ ಬಿಸಿಲಾಗೆ ನಾಯಿಯಂಗೆ ಅಲೀತೀರಿ? ಹೊನ್ನಾಳಿಗೆ ಬರ್ರಿ. ನನ್ನ ಗೋದಾಮು ಐತೆ. ನೆರಳಾಗೆ ಕೂತು ದುಡೀರಿ, ನೆರಳಾಗೆ ಮಲಕ್ಕಳ್ರಿ" ಎಂದ.

ಸುಬಾನಸಾಬನಿಗೆ ಆ ನೆರಳು ಎಂಬ ಮಾತು ಹಿಡಿಸಿಬಿಟ್ಟಿತು. ಬಿಸಿಲಿನ ನಾಡಿನವನಿಗೆ ನೆರಳು ತೋರಿಸಿದರೆ ಸಾಕಲ್ಲ.

ಗೋದಾಮು ಹೊಳೆಯ ಕಡೆಗಿತ್ತು. ಹತ್ತಿಗೆಂದು ಕಟ್ಟಿಸಿದ್ದಲ್ಲ, ಹಿಂದೆ ಬೆಲ್ಲ ತುಂಬುತ್ತಿದ್ದ ಗೋದಾಮು. ಹತ್ತಾರು ವರ್ಷ ಬೆಲ್ಲದ ಪಾಕ ಇಳಿದ ನೆಲ ಅದು; ಮಳೆಗಾಲ ಬಂತೆಂದರೆ ನೆಲವೇ ಬೆವರುತ್ತಿತ್ತು. ತುಂಗಭದ್ರೆ ಏರಿದಾಗ ಗೋಡೆಗಳು ಮೊಣಕಾಲಿನ ತನಕ ನೀರು ಕುಡಿಯುತ್ತಿದ್ದವು, ಇಳಿದ ಮೇಲೆ ಅದೇ ಮಟ್ಟಕ್ಕೆ ಕಪ್ಪು ಹಸಿರು ಬೂಷ್ಟು ಹಿಡಿಯುತ್ತಿತ್ತು. ಮೂಲೆಯ ಹತ್ತಿ ಕೆಳಗಿನಿಂದ ಮುಗ್ಗಿ, ಕೈ ಹಾಕಿದರೆ ಹಳಸಿದ ಅನ್ನದ ಹಾಗೆ ಅಂಟುತ್ತಿತ್ತು. ನಾಲ್ಕು ಕಿಟಕಿಗಳಿದ್ದವು. ನಾಲ್ಕಕ್ಕೂ ಹಲಗೆ ಬಡಿದು ಮೊಳೆ ಹೊಡೆಸಿದ್ದ ನಬೀಸಾಬ್. ಹೊಳೆಗಾಳಿಗೆ ಹತ್ತಿ ಹಾರಿಹೋಗುತ್ತದಂತೆ.

ಮೊದಲ ದಿನ ಸುಬಾನಸಾಬ ಬಿಲ್ಲು ತೂಗುಹಾಕಿ ಖಾಲಿ ತಂತಿಗೆ ಒಂದು ಏಟು ಹಾಕಿದ. ಭದ್ ಎಂದಿತು. ಮತ್ತೊಮ್ಮೆ ಹಾಕಿದ. ಮತ್ತೆ ಭದ್.

"ಮಾಮಾ, ತಂತಿ ಮಾತಾಡ್ತಿಲ್ಲ. ಈ ಜಾಗ ನಮ್ಮ ಕೆಲಸಕ್ಕೆ ಆಗಾಕಿಲ್ಲ" ಎಂದ.

"ತಂತಿ ಮಾತಾಡೋದು ಬ್ಯಾಡ ಕಣೋ, ಹತ್ತಿ ಹಿಂಜಿದ್ರೆ ಸಾಕು" ಎಂದು ನಬೀಸಾಬ್ ನಕ್ಕ. "ಕೆಳಗೆ ಕೆಂಡ ಇಟ್ಕ. ಬಿಗಿಯಾಗ್ತೈತೆ."

ಅಲ್ಲಿಂದ ಬೆವರುವ ನೆಲ, ಮುಚ್ಚಿದ ಕಿಟಕಿ, ಬಿಲ್ಲಿನ ಕೆಳಗೆ ಕೆಂಡದ ಕುಡಿಕೆ, ಮೇಲೆ ಮುಗ್ಗಿದ ಹತ್ತಿಯ ದೂಳು. ಆ ದೂಳಿನ ನಡುವೆ ಬೆಳಗಿನಿಂದ ಸಂಜೆಯ ತನಕ ಸುಬಾನಸಾಬ ಕೂತ. ಮಾಬಮ್ಮನೂ, ಕೂಲಿಗೆ ಬರುತ್ತಿದ್ದ ಚೌಡಕ್ಕನೂ ಹೊರಗಿನ ಜಗುಲಿಯಲ್ಲಿ ಹತ್ತಿ ಬಿಡಿಸುತ್ತ, ಗಾದಿ ಹೊಲಿಯುತ್ತ ಕೂರುತ್ತಿದ್ದರು. ಹೆಂಗಸರಿಗೆ ಜಗುಲಿ ಸಿಕ್ಕಿದ್ದು ಅವರ ಪುಣ್ಯ.

ಮೊದಲ ವರ್ಷ ಕೆಮ್ಮು. ಎರಡನೆಯ ವರ್ಷ ಎದೆಯಲ್ಲಿ ಸುಂಯ್ ಸುಂಯ್. ಶುಕ್ರವಾರ ನಮಾಜಿನ ದಿನ ಗೋದಾಮಿಗೆ ರಜೆ. ಅಂದು ಸಂಜೆಯ ಹೊತ್ತಿಗೆ ಸುಬಾನಸಾಬ ನಾಲ್ಕು ತುತ್ತು ಹೆಚ್ಚಿಗೆ ಉಣ್ಣುತ್ತಿದ್ದ, ಮಗಳನ್ನು ರೇಗಿಸುತ್ತಿದ್ದ. ಶನಿವಾರ ಗೋದಾಮಿಗೆ ಕಾಲಿಟ್ಟು ಮಧ್ಯಾಹ್ನವಾಗುವಷ್ಟರಲ್ಲಿ ಎದೆಗೆ ಹಗ್ಗ ಬಿಗಿದಂತಾಗಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಪೀರಲ ಹಬ್ಬಕ್ಕೆಂದು ಜಗಳೂರಿಗೆ ಹೋಗಿ ಹನ್ನೆರಡು ದಿನ ಇದ್ದರು. ಐದನೆಯ ದಿನಕ್ಕೆ ಕೆಮ್ಮು ನಿಂತಿತು, ಹತ್ತನೆಯ ದಿನ ಅವನು ಹಾಡು ಹೇಳಿದ. ಹೊನ್ನಾಳಿಗೆ ಮರಳಿದ ಮೂರನೆಯ ದಿನ ಮತ್ತೆ ಅದೇ ಸುಂಯ್ ಸುಂಯ್.

ಮಾಬಮ್ಮ ಓದಿದವಳಲ್ಲ, ಆದರೆ ಕಣ್ಣು, ಕಿವಿ ಇದ್ದವು. ನೇರ ನಬೀಸಾಬನ ಅಂಗಡಿಗೆ ಹೋದಳು.

"ಮಾಮಾ, ಎಲ್ಡು ಕಿಟಕಿ ತೆಗಿಸ್ರಿ. ಇಲ್ಲಾಂದ್ರೆ ಹೊರಗಿನ ಅಂಗಳದಾಗೆ ಕೂತು ಹಿಂಜಾಕೆ ಬಿಡ್ರಿ. ನಿಮ್ಮ ಕಾಲು ಹಿಡ್ಕಂತೀನಿ. ಈ ಗೋದಾಮು ಅವರ ಎದೆ ತಿಂತಾ ಐತೆ."

"ಎದೆ ತಿನ್ನಾಕೆ ಗೋದಾಮಿಗೆ ಹಲ್ಲು ಐತೇನವ್ವಾ?" ಎಂದು ಅಂಗಡಿಯಲ್ಲಿದ್ದವರ ಕಡೆ ನೋಡಿ ನಕ್ಕ. "ಅದೇ ಗೋದಾಮಿನ ಹತ್ತಿ ಮೇಲೆ ಊರೇ ಮಲಗ್ತೈತೆ. ಯಾರು ಸತ್ತವರೆ ಹೇಳು? ನಿನ್ನ ಗಂಡ ಸೋಮಾರಿ, ಅಷ್ಟೇ."

ಈ ಮಾತು ನೆನಪಿಟ್ಟುಕೊಳ್ಳಿ. ಮಾಬಮ್ಮನೂ ನೆನಪಿಟ್ಟುಕೊಂಡಳು.

ಬಿಟ್ಟು ಹೋಗಬಾರದಿತ್ತೇ ಎಂದು ಕೇಳುತ್ತೀರಿ. ಹೋಗಬೇಕಿತ್ತು. ಮೆಹರಾಜಳನ್ನು ನ್ಯಾಮತಿಯ ಇಮಾಮ್‌ಸಾಬ್ ತನ್ನ ಮಗನಿಗೆ ಕೇಳಿದ್ದ. ನ್ಯಾಮತಿ ಹೊನ್ನಾಳಿಗೆ ಹತ್ತಿರ, ಮಾತು ನಡೆಸಿದವನು ನಬೀಸಾಬ್. ಮದುವೆ ಮುಗಿಯಲಿ, ಆಮೇಲೆ ಬಿಲ್ಲು ಹೊತ್ತು ಊರಿಗೆ ನಡೆದುಬಿಡೋಣ ಎಂದು ಸುಬಾನಸಾಬನೇ ಹೆಂಡತಿಯ ಬಾಯಿ ಮುಚ್ಚಿಸಿದ. ಅಲ್ಲಿಯ ತನಕ ಎದೆ ತಡೆಯಬೇಕಲ್ಲ? ಮೂವತ್ತೊಂಬತ್ತರ ಶ್ರಾವಣದಲ್ಲಿ, ಒಂದು ಶನಿವಾರ ಮಧ್ಯಾಹ್ನ, ಬಿಲ್ಲಿನ ಸದ್ದು ನಿಂತಿತು. ಚೌಡಕ್ಕ ಒಳಗೆ ಇಣುಕಿ ಕೂಗಿಕೊಂಡಳು. ಹಿಂಜಿದ ಹತ್ತಿಯ ರಾಶಿಯ ಮೇಲೆ ಬೋರಲಾಗಿ ಬಿದ್ದಿದ್ದ. ಮೀಸೆ, ಹುಬ್ಬು, ಕಣ್ಣಿನ ರೆಪ್ಪೆ, ಎಲ್ಲ ಬೆಳ್ಳಗೆ. ಮೂವತ್ತಾರು ವರ್ಷದವನು ಎಂಬತ್ತರ ಮುದುಕನ ಹಾಗೆ ಕಂಡ ಎಂದು ಚೌಡಕ್ಕ ಹೇಳುತ್ತಿದ್ದಳು.

ಸತ್ತದ್ದನ್ನಾದರೂ ಮಾಬಮ್ಮ ಅಲ್ಲಾನ ಹೆಸರು ಹೇಳಿ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳೋ ಏನೋ. ಆದರೆ ನಲವತ್ತನೆಯ ದಿನದ ಫಾತಿಹಾಕ್ಕೆ ಬಂದ ಇಮಾಮ್‌ಸಾಬ್, ಊಟ ಮುಗಿಸಿ ಕೈತೊಳೆಯುವಾಗ, ಸುಬಾನಸಾಬನಿಗೆ ಏನಾಗಿತ್ತು ಎಂದು ನಬೀಸಾಬನನ್ನು ಕೇಳಿದ. ಒಂದೇ ಒಂದು ನಿಜ ಹೇಳಿದ್ದರೆ ಸಾಕಿತ್ತು. ಹೇಳಿದರೆ ಗೋದಾಮಿನ ಹೆಸರು ಕೆಡುತ್ತದೆ, ಕೂಲಿಯವರು ಬರುವುದಿಲ್ಲ.

"ಕ್ಷಯ ರೀ" ಎಂದುಬಿಟ್ಟ ಆ ಪುಣ್ಯಾತ್ಮ. "ಅವರ ವಂಶದಾಗೇ ಐತೆ ಅಂತ ಈಗ ಗೊತ್ತಾತು. ನನ್ನ ಗೋದಾಮಿಗೂ ಅದಕ್ಕೂ ಏನು ಸಂಬಂಧ?"

ಪರದೆಯ ಆಚೆ ಪಾತ್ರೆ ತೊಳೆಯುತ್ತಿದ್ದ ಮಾಬಮ್ಮನ ಕಿವಿಗೆ ಅದು ಬಿತ್ತು. ನಾಲ್ಕು ದಿನಕ್ಕೆ ನ್ಯಾಮತಿಯಿಂದ ಹೇಳಿಕಳಿಸಿದರು, ಈ ಸಂಬಂಧ ಬ್ಯಾಡ ಎಂದು. ಸುದ್ದಿಗೆ ಕಾಲು ಬೇಕೇ? ಚನ್ನಗಿರಿಯ ತನಕ ಹೋಯಿತು, ಜಗಳೂರಿಗೂ ಮುಟ್ಟಿತು. ಕ್ಷಯದ ಮನೆಯ ಹುಡುಗಿ ಎಂದು ಮೆಹರಾಜಳ ಕೈಯ ನೀರು ಕುಡಿಯಲು ಸ್ವಂತ ಚಿಕ್ಕಮ್ಮನೇ ಹಿಂದೆ ಮುಂದೆ ನೋಡಿದಳು. ಅಪ್ಪನ ಹೆಣದ ಮೇಲೆ ಮಗಳ ಬಾಳನ್ನೂ ಸೇರಿಸಿ ಮಣ್ಣು ಮುಚ್ಚಿದ ಹಾಗಾಯಿತು.

ಅಂದು ಮಾಬಮ್ಮ ಅಳಲಿಲ್ಲ. ಗಂಡನ ಬಿಲ್ಲನ್ನು ಗೋಡೆಗೆ ತೂಗುಹಾಕಿ ಚೌಡಕ್ಕನಿಗೆ ಹೇಳಿದಳು: "ಯಾವ ಬಾಯಾಗೆ ಕ್ಷಯ ಅಂದನೋ ಅದೇ ಬಾಯಾಗೆ ಗೋದಾಮು ಅನ್ನಿಸ್ತೀನಿ. ನಾಕು ಜನರ ಎದುರಿಗೆ. ನ್ಯಾಮತಿಯೋರು ಕೇಳಂಗೆ. ಅಲ್ಲೀ ತನಕ ನಾನು ಈ ಊರು ಬಿಡಾಕಿಲ್ಲ."

ಬಿಡಲೂ ಇಲ್ಲ. ಜನ ಆಶ್ಚರ್ಯಪಟ್ಟರು, ಕೆಲವರು ಛೀ ಎಂದರು. ಗಂಡನನ್ನು ನುಂಗಿದ ಗೋದಾಮಿಗೇ ಮರುದಿನದಿಂದ ಕೆಲಸಕ್ಕೆ ಹೋಗುತ್ತಾಳಲ್ಲ, ಎಂಥ ಗಟ್ಟಿ ಎದೆ! ಜಗುಲಿಯಲ್ಲಿ ಕೂತು ಹೊಲಿದಳು. ನಬೀಸಾಬ್ ಬಂದರೆ ಎದ್ದು ನಿಂತು ಸೆರಗು ಸರಿಮಾಡಿಕೊಂಡು "ಸಲಾಂ ಮಾಮಾ" ಎಂದಳು. ಅವನಿಗೆ ಹಾಯೆನಿಸಿತು. ಬಡವರ ಸಿಟ್ಟು ದವಡೆಗೆ ಮೂಲ ಎಂದು ಅಂಗಡಿಯಲ್ಲಿ ಗಾದೆ ಬೇರೆ ಹೇಳಿದನಂತೆ. ಇವಳ ದವಡೆ ಎಷ್ಟು ಗಟ್ಟಿ ಎಂದು ಅವನಿಗೇನು ಗೊತ್ತು!

ಎರಡು ವರ್ಷ ಕಾಯಬೇಕಾಯಿತು. ಯುದ್ಧ ಶುರುವಾಗಿತ್ತು. ಶಿವಮೊಗ್ಗದ ಕಂತ್ರಾಟುದಾರನೊಬ್ಬನಿಂದ ನಬೀಸಾಬನಿಗೆ ಗಾದಿಗಳ ದೊಡ್ಡ ಕೆಲಸ ಸಿಕ್ಕಿತು. ಮೈಮೇಲೆ ಕೊಬ್ಬು ಬಂತು, ಊರಲ್ಲಿ ಹೊಸ ಮನೆ ಬಂತು, ಮನೆಗೆ ತೇಗದ ಮಂಚ ಬಂತು. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು, ಒಬ್ಬಳೇ ಮಗಳು ಖಮರುನ್ನೀಸಾಳನ್ನು ಚನ್ನಗಿರಿಗೆ ಕೊಟ್ಟಿದ್ದ. ಆ ಮಂಚದಲ್ಲಿ ಮಲಗುವವನು ಅವನೊಬ್ಬನೇ. ಬೇರೆ ಯಾರಾದರೂ ಮಲಗುವ ಮಂಚವಾಗಿದ್ದರೆ ನಾನು ಕೈ ಹಚ್ಚುತ್ತಿರಲಿಲ್ಲ ಎಂದು ಮಾಬಮ್ಮ ಆಮೇಲೆ ಹೇಳುತ್ತಿದ್ದಳು. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನು ನಂಬುತ್ತೇನೆ.

ನಲವತ್ತೊಂದರ ವೈಶಾಖದಲ್ಲಿ ನಬೀಸಾಬ್ ಅವಳನ್ನು ಮನೆಗೆ ಕರೆಸಿದ. ದಾವಣಗೆರೆಯಿಂದ ತರಿಸಿದ ಮೊದಲ ದರ್ಜೆಯ ಹತ್ತಿ ಅಂಗಳದಲ್ಲಿತ್ತು.

"ಮಾಬಮ್ಮಾ, ನಿನ್ನ ಕೈಯ ಹೊಲಿಗೆ ಈ ಸೀಮೆಯಾಗೆ ಯಾರಿಗೂ ಬರಾಕಿಲ್ಲ. ನನಗೊಂದು ಗಾದಿ, ಎಲ್ಡು ದಿಂಬು ಮಾಡ್ಕೊಡು. ಆದ್ರೆ ನೋಡು, ಮೊದಲು ಎಲ್ಡು ದಿನ ಮಾಳಿಗೆ ಮೇಲೆ ಬಿಸಿಲಿಗೆ ಹಾಕು. ಬಿಸಿಲು ಕಾಣದ ಹತ್ತಿ ಮೇಲೆ ಮಲಗಬಾರ್ದು ಅಂತ ನಮ್ಮಪ್ಪ ಹೇಳ್ತಿದ್ದ."

ಕೇಳಿದಿರಾ? ತನ್ನ ಬೆನ್ನಿನ ಕೆಳಗಿನ ಹತ್ತಿಗೆ ಎರಡು ದಿನ ಬಿಸಿಲು. ಸುಬಾನಸಾಬನ ಮೂಗಿನ ಮುಂದಿನ ಹತ್ತಿಗೆ ಎರಡು ವರ್ಷ ಒಂದು ಕಿಟಕಿಯಿಲ್ಲ. ಅಪ್ಪ ಹೇಳಿದ್ದು ಅವನಿಗೆ ಮರೆತಿರಲಿಲ್ಲ! ಮಾಬಮ್ಮನ ಎದೆಯಲ್ಲಿ ಅಷ್ಟು ದಿನ ಬೂದಿ ಮುಚ್ಚಿಕೊಂಡಿದ್ದ ಕೆಂಡ ಆ ಕ್ಷಣಕ್ಕೆ ಭಗ್ಗೆಂದಿತು. ಬಾಯಲ್ಲಿ ಮಾತ್ರ "ಆಗ್ಲಿ ಮಾಮಾ" ಎಂದಳು.

ಎರಡು ದಿನ ಊರೆಲ್ಲ ನೋಡುವ ಹಾಗೆ ಮಾಳಿಗೆಯ ಮೇಲೆ ಹತ್ತಿ ಹರವಿದಳು. ಹಿಂಜುವುದಕ್ಕೆಂದು ಅದನ್ನು ಗೋದಾಮಿಗೆ ಹೊರಿಸಿಕೊಂಡು ಹೋದಳು. ಆ ಬಿಸಿಲುಂಡ ಹತ್ತಿಯನ್ನು ಕಂತ್ರಾಟಿನ ರಾಶಿಗೆ ಸುರಿದಳು. ಯಾರೋ ಕಾಣದ ಮನುಷ್ಯ ಅದರ ಮೇಲೆ ಸುಖವಾಗಿ ಮಲಗಲಿ. ಆಮೇಲೆ ಮೂಲೆಗೆ ಹೋದಳು, ಸುಬಾನಸಾಬ ಕೂರುತ್ತಿದ್ದ ಮೂಲೆಗೆ. ವರ್ಷಗಳಿಂದ ನೆಲಕ್ಕೆ ಕಚ್ಚಿಕೊಂಡು ಕಪ್ಪಗೆ ಮುಗ್ಗಿ ಹೋದ ಹತ್ತಿಯನ್ನು ಎರಡೂ ಕೈಯಿಂದ ಕಿತ್ತು ಗುಡ್ಡೆ ಹಾಕಿದಳು. ಗಂಡನ ಬಿಲ್ಲು ತೂಗುಹಾಕಿದಳು. ಖಾಲಿ ತಂತಿಗೆ ಏಟು ಹಾಕಿದರೆ ಅದೇ ಭದ್. ಕೆಳಗೆ ಕೆಂಡ ಇಟ್ಟು ಬಾಗಿಲು ಹಾಕಿಕೊಂಡಳು.

ಮೂರು ದಿನ ಹಿಂಜಿದಳು. ಹತ್ತಿಯ ಗುಣ ಪಿಂಜಾರರಿಗೆ ಮಾತ್ರ ಗೊತ್ತು: ಎಂಥ ಮುಗ್ಗಿದ ಹತ್ತಿಯಾದರೂ ಸಮನಾಗಿ ಹಿಂಜಿದರೆ ಕರೆ ಚದುರಿ ಬೆಳ್ಳಗೆ ಏಳುತ್ತದೆ. ಒಳಗಿನ ವಿಷ ಮಾತ್ರ ದೂಳಾಗಿ ಎಳೆ ಎಳೆಯಲ್ಲಿ ಕೂರುತ್ತದೆ. ಚೌಡಕ್ಕ ಬಾಗಿಲು ಬಡಿದು ಗೋಗರೆದಳು.

"ಅಕ್ಕಾ, ಮುಖಕ್ಕೆ ಬಟ್ಟೆಯಾದ್ರೂ ಕಟ್ಕಳೇ! ನೀನೂ ಸಾಯ್ತೀಯ."

"ಕಟ್ಕಂಡ್ರೆ ಈ ಮುಚ್ಚಿದ ಮನೆಯಾಗೆ ಉಸುರೇ ಬರಾಕಿಲ್ಲ ಕಣೇ. ನೀನು ಸುಮ್ಕಿರು" ಎಂದಳು ಒಳಗಿನಿಂದ.

ನಾಲ್ಕನೆಯ ದಿನ ಹೊಸ ಪಟ್ಟಾಪಟ್ಟಿ ಬಟ್ಟೆಗೆ ಲೋಬಾನದ ಹೊಗೆ ಹಿಡಿದು, ಹತ್ತಿ ತುಂಬಿ, ಅಂಚು ಹೊಲಿದು, ಮಂಚದ ಮೇಲೆ ತಾನೇ ಹಾಸಿದಳು. ನಬೀಸಾಬ್ ಅಂಗೈಯಿಂದ ಒತ್ತಿ ನೋಡಿ ಭೇಷ್ ಎಂದ. ಅವಳು ಬೀದಿಗೆ ಬಂದು ಗೋಡೆ ಹಿಡಿದುಕೊಂಡು ಕೆಮ್ಮಿದಳು.

ಜ್ಯೇಷ್ಠದ ಮಳೆ ಹಿಡಿಯಿತು. ಹೊಸ ಮನೆಯ ಕಿಟಕಿಗಳನ್ನೂ ನಬೀಸಾಬ್ ಮುಚ್ಚಿಸಿದ, ಅದು ಅವನ ಹುಟ್ಟುಗುಣ. ಆಷಾಢಕ್ಕೆ ಕೆಮ್ಮು ಶುರುವಾಯಿತು. ಬೆಳಗಿನ ಜಾವಕ್ಕೆ ಎದ್ದು ಕೂತು ಬಾಯಿ ಕಳೆದು ಉಸಿರೆಳೆಯುತ್ತಾನಂತೆ ಎಂದು ಅವನ ಮನೆಯ ಕಸ ಹೊಡೆಯುವ ಸುಂಕಲಮ್ಮ ಹೇಳಿದಳು. ಮಧ್ಯಾಹ್ನ ಅಂಗಡಿಯಲ್ಲಿ ಸುಮಾರಾಗಿರುತ್ತಿದ್ದ. ಚನ್ನಗಿರಿಗೆ ಮಗಳ ಮನೆಗೆ ಹೋಗಿ ಎಂಟು ದಿನ ಇದ್ದ, ಚೆನ್ನಾಗಿ ಉಂಡು ಗುಂಡಗಾಗಿ ಬಂದ. ಬಂದ ಮೂರನೆಯ ಬೆಳಗಿನಲ್ಲಿ ಮತ್ತೆ ಸುಂಯ್ ಸುಂಯ್. ಮಾಬಮ್ಮ ಬೇಕೆಂದೇ ಅಂಗಡಿಯ ಮುಂದೆ ಹಾದು ಆ ಸದ್ದು ಕೇಳಿಕೊಂಡು ಬರುತ್ತಿದ್ದಳು. ಅವಳಿಗೆ ಸಂತೋಷವಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಅಂಥ ಸಂತೋಷ ಅವಳಿಗೆ ಮದುವೆಯಲ್ಲೂ ಆಗಿರಲಿಲ್ಲವಂತೆ.

ಆಮೇಲೆ ಊರು ಆಡತೊಡಗಿತು. ನಬೀಸಾಬನಿಗೂ ಕ್ಷಯವಂತೆ. ಸುಬಾನಸಾಬ ಅವನಿಗೇ ಅಂಟಿಸಿ ಹೋದನಂತೆ. ಅಂಗಡಿಗೆ ಬಂದವರು ಅವನು ಚಾಚಿದ ಎಲೆಅಡಿಕೆ ತಟ್ಟೆಗೆ ಕೈ ಹಾಕದೆ ಎದ್ದು ಹೋದರು. ಚನ್ನಗಿರಿಯ ಬೀಗರು ಖಮರುನ್ನೀಸಾಳನ್ನು ತವರಿಗೆ ಕಳಿಸುವುದನ್ನು ನಿಲ್ಲಿಸಿದರು. ಕ್ಷಯ ಎಂಬ ಆ ಒಂದು ಮಾತು ಮನೆಮನೆ ತಿರುಗಿ ತನ್ನ ಒಡೆಯನ ಹೊಸಿಲಿಗೇ ವಾಪಸು ಬಂದಿತ್ತು. ಉಪ್ಪು ತಿಂದವನು ನೀರು ಕುಡಿಯಲೇಬೇಕಲ್ಲ.

ಹೆದರಿದ ನಬೀಸಾಬ್ ಪಂಡಿತ ತಿಪ್ಪೇಶಪ್ಪನವರನ್ನು ಕರೆಸಿದ. ಅವರು ಹಳೆಯ ಕಾಲದ ನಾಟಿ ವೈದ್ಯರು, ನಾಡಿಗಿಂತ ಮೊದಲು ಮನೆ ನೋಡುವವರು. ಮಂಚದ ಹತ್ತಿರ ಬಂದವರೇ ದಿಂಬು ಎತ್ತಿ ಮೂಸಿದರು.

"ಇದು ಕ್ಷಯ ಅಲ್ರೀ. ಲೋಬಾನ ಹೋತು, ಒಳಗಿನ ನಾತ ಎದ್ದೈತೆ. ಗಾದಿ ಬಿಚ್ಚಿಸ್ರಿ."

ಬಿಚ್ಚಿದರು. ಮಳೆಗಾಲದ ಶೀತಕ್ಕೆ ಹತ್ತಿ ಮತ್ತೆ ಗಂಟು ಕಟ್ಟಿ, ನಡುವೆಲ್ಲ ಬೂದು ಬೂದಾಗಿತ್ತು. ನಬೀಸಾಬ್ ಒಂದು ಹಿಡಿ ತೆಗೆದು ಬೆರಳಲ್ಲಿ ತಿಕ್ಕಿದ. ಪಿಂಜಾರನ ಮಗ ಅವನು, ಯಾವ ನೆಲದ ಹತ್ತಿ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಶುಕ್ರವಾರ ನಮಾಜು ಮುಗಿದ ಮೇಲೆ ಮಸೀದಿಯ ಹೊರಗಿನ ಬೇವಿನ ಕಟ್ಟೆಯ ಮೇಲೆ ಜಮಾತಿನ ಹಿರಿಯರು ಕೂತರು. ಬಿಚ್ಚಿದ ಗಾದಿಯನ್ನು ಗಾಡಿಯಲ್ಲಿ ಹೇರಿಸಿಕೊಂಡು ನಬೀಸಾಬ್ ಬಂದ. ಮಾಬಮ್ಮ ಮರದ ಈಚೆ ತಲೆಯ ತುಂಬ ಸೆರಗು ಹೊದ್ದು ನಿಂತಿದ್ದಳು, ಪಕ್ಕದಲ್ಲಿ ಚೌಡಕ್ಕ. ನ್ಯಾಮತಿಯ ಇಮಾಮ್‌ಸಾಬನೂ ಕಟ್ಟೆಯ ತುದಿಯಲ್ಲಿದ್ದ. ಹಿಂದಿನ ದಿನವೇ ಚೌಡಕ್ಕನನ್ನು ಕಳಿಸಿ ಅವನನ್ನು ಕರೆಸಿದವಳು ಮಾಬಮ್ಮನೇ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಕೇಳಿದ್ದೀರಿ. ಇವನು ಯಾರೂ ಕೇಳುವ ಮೊದಲೇ ಹೆಗಲು ಮುಟ್ಟಿಕೊಂಡ.

"ಈ ಹೆಂಗಸು ನನ್ನ ಕೊಲ್ಲಾಕೆ ನೋಡಿದ್ಲು! ಒಳ್ಳೆ ಹತ್ತಿ ಕೊಟ್ರೆ ಅದನ್ನ ಬದಲಾಯಿಸಿ ಗೋದಾಮಿನ ಮುಗ್ಗಿದ ಹತ್ತಿ ತುಂಬ್ಯಾಳೆ. ನನಗೆ ಕ್ಷಯ ಇಲ್ಲ ರೀ, ಕೇಳ್ರಿ, ನನಗೆ ಕ್ಷಯ ಇಲ್ಲ!" ಎಂದು ಕೂಗಿ ಕೆಮ್ಮಿದ.

ಹಿರಿಯರೊಬ್ಬರು ಮಾಬಮ್ಮನ ಕಡೆ ತಿರುಗಿದರು. "ನಿಜವೇನಮ್ಮಾ?"

"ನಿಜ" ಎಂದಳು. ಕಟ್ಟೆಯ ಮೇಲಿದ್ದವರೆಲ್ಲ ದಂಗಾದರು. "ನಾನೇ ಕಿತ್ತೆ, ನಾನೇ ಹಿಂಜಿದೆ, ನಾನೇ ತುಂಬಿದೆ. ದಂಡ ಹಾಕ್ರಿ, ಜಮಾತಿಂದ ಹೊರಗೆ ಹಾಕ್ರಿ, ಏನಾರ ಮಾಡ್ರಿ. ಅದಕ್ಕೂ ಮೊದಲು ಮಾಮನ್ನ ಒಂದು ಮಾತು ಕೇಳ್ತೀನಿ. ಮಾಮಾ, ಆ ಹತ್ತಿ ಮೇಲೆ ಮಲಗಿದ್ರೆ ಮನುಷಾಗೆ ಏನಾಗ್ತೈತೆ?"

"ಎದೆ ಕಟ್ತೈತೆ! ಉಸುರು ನಿಲ್ತೈತೆ! ಸಾಯ್ತಾನೆ!"

"ನೀವು ಎಷ್ಟು ದಿನ ಮಲಗಿದ್ರಿ?"

"ಮೂರು ತಿಂಗಳು."

"ಎಲ್ಡು ವರ್ಷಕ್ಕಿಂತ ಹೆಚ್ಚು ಅದನ್ನ ಕಿಟಕಿ ಇಲ್ಲದ ಮನೆಯಾಗೆ ಹಿಂಜಿದೋನು ಕ್ಷಯದಾಗೆ ಸತ್ನೇನು?"

ಬಿಸಿತುಪ್ಪ ನಬೀಸಾಬನ ಬಾಯಲ್ಲಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹತ್ತಿ ವಿಷ ಎಂದರೆ ಸುಬಾನಸಾಬನನ್ನು ಕೊಂದದ್ದು ತಾನು. ವಿಷವಲ್ಲ ಎಂದರೆ ತನಗಿರುವುದು ಕ್ಷಯ, ಚನ್ನಗಿರಿಯ ಬಾಗಿಲು ಮುಚ್ಚಿದಂತೆಯೇ.

"ಅಲ್ಲ... ಹತ್ತಿದೇನೂ ಅಷ್ಟು..." ಎಂದು ಜಾರಿಕೊಳ್ಳಲು ನೋಡಿದ. "ಏನೋ ಶೀತಕ್ಕೆ ಕೆಮ್ಮು ಬಂದಿರಬೇಕು."

ಮಾಬಮ್ಮ ಅದಕ್ಕೂ ತಯಾರಾಗಿಯೇ ಬಂದಿದ್ದಳು. ಸೊಂಟದ ಚೀಲದಿಂದ ದಬ್ಬಳ ತೆಗೆದು, ಹುರಿದಾರ ಪೋಣಿಸಿ, ಬಿಚ್ಚಿದ ಗಾದಿಯ ಪಕ್ಕ ನೆಲದ ಮೇಲೆ ಕೂತಳು.

"ಹತ್ತೀದೇನೂ ಇಲ್ಲ ಅಂದ್ರೆ ಸರಿಹೋತು. ಅದೇ ಹತ್ತಿ ತುಂಬಿ ಇಲ್ಲೇ ಹೊಲಕೊಡ್ತೀನಿ, ಗಳಿಗೆ ಕೆಲಸ. ತಗಂಡ್ ಹೋಗಿ ಇವತ್ತೂ ಅದರ ಮೇಲೇ ಮಲಕ್ಕಳ್ರಿ. ನಾಳೆಯೂ ಮಲಕ್ಕಳ್ರಿ. ಊರೇ ಮಲಗ್ತೈತೆ, ಯಾರು ಸತ್ತವರೆ ಅಂದಿದ್ರಲ್ಲ?"

ಹೇಳುತ್ತ ಮೊದಲ ಹೊಲಿಗೆ ಹಾಕಿದಳು. ಎರಡನೆಯದು ಹಾಕಿದಳು. ಯಾರೂ ಅವಳನ್ನು ತಡೆಯಲಿಲ್ಲ. ನಬೀಸಾಬ್ ಆ ದಬ್ಬಳ ಏಳುವುದನ್ನೂ ಬೀಳುವುದನ್ನೂ ನೋಡುತ್ತ ನಿಂತ. ಅರ್ಧ ಅಂಚು ಮುಗಿಯುವಷ್ಟರಲ್ಲಿ ಅವನ ಹಣೆಯಲ್ಲಿ ನೀರೊಡೆಯಿತು.

"ಸಾಕು ನಿಲ್ಸು" ಎಂದ. ಧ್ವನಿ ಸಣ್ಣದಾಗಿತ್ತು. "ಸುಬಾನಂಗೆ ಕ್ಷಯ ಇರಲಿಲ್ಲ. ಗೋದಾಮೇ ಅವನ್ನ ತಿಂತು."

"ನ್ಯಾಮತಿಯೋರಿಗೆ ಕೇಳಲಿಲ್ಲ, ಮಾಮಾ."

ನಬೀಸಾಬ್ ಗಂಟಲು ಎತ್ತಿದ. ಮಧ್ಯದಲ್ಲಿ ಕೆಮ್ಮು ಬಂತು, ಕಣ್ಣಲ್ಲಿ ನೀರು ಬರುವ ತನಕ ಕೆಮ್ಮಿದ. ಮಾಬಮ್ಮ ದಬ್ಬಳ ಕೈಯಲ್ಲಿ ಹಿಡಿದು, ಅದು ಮುಗಿಯುವ ತನಕ ಕಾದಳು. ಒಂದು ತಂಬಿಗೆ ನೀರು ಕೊಡಿ ಎಂದು ಅವಳ ಬಾಯಿಂದ ಬರಲಿಲ್ಲ.

"ಸುಬಾನಂಗೆ ಕ್ಷಯ ಇರಲಿಲ್ಲ!" ಎಂದು ಕೂಗಿದ ಆಮೇಲೆ. "ಅವರ ವಂಶದಾಗೂ ಇಲ್ಲ! ನಾನು ಸುಳ್ಳು ಹೇಳಿದ್ದೆ! ಕಿಟಕಿ ತೆಗೀರಿ ಅಂತ ಇವಳು ಕಾಲು ಹಿಡಿದ್ಲು, ನಾನು ತೆಗಿಸಲಿಲ್ಲ!"

ಮಾಬಮ್ಮ ದಾರವನ್ನು ಹಲ್ಲಿನಲ್ಲಿ ಕಡಿದು ಎದ್ದಳು. ಅವಳಿಗೆ ದಂಡ ಹಾಕಲು ಯಾರಿಗೂ ಬಾಯಿ ಬರಲಿಲ್ಲ. ಆ ಸಂಜೆಯೇ ಗೋದಾಮಿನ ನಾಲ್ಕು ಕಿಟಕಿಗಳ ಮೊಳೆ ಕಿತ್ತರು. ಮೂಲೆಯ ಹತ್ತಿಯನ್ನು ಹೊಳೆದಂಡೆಗೆ ಒಯ್ದು ಸುಟ್ಟರು. ತೇವದ ಹತ್ತಿ, ಎರಡು ದಿನ ಹೊಗೆಯಾಡಿತು.

ಇಮಾಮ್‌ಸಾಬ್ ಮರುವಾರವೇ 'ಹಳೆಯ ಮಾತು ಮುಂದುವರಿಸೋಣ' ಎಂದು ಹಲ್ಲು ಕಿಸಿದುಕೊಂಡು ಬಂದ. ಮಾಬಮ್ಮ ಅವನನ್ನು ಬಾಗಿಲಲ್ಲೇ ನಿಲ್ಲಿಸಿ, "ಊರಿಗೆ ಬಂದು ಕೇಳ್ರಿ. ನಮ್ಮ ಜಗಳೂರಿನ ಬಿಸಿಲಾಗೆ ಒಂದು ದಿನ ಕೂತು ಕೇಳ್ರಿ" ಎಂದಳು. ಅವನು ಹೋದ, ಕೂತ, ಕೇಳಿದ. ಮೆಹರಾಜಳಿಗೆ ಹುಡುಗ ಮೊದಲಿನಿಂದ ಮನಸ್ಸಿಗೆ ಬಂದಿದ್ದನಾದ್ದರಿಂದ ಕೊಟ್ಟಳು. ಇಲ್ಲವಾಗಿದ್ದರೆ ಅವನನ್ನು ಇನ್ನೂ ನಾಲ್ಕು ಸಲ ತಿರುಗಿಸುತ್ತಿದ್ದಳು, ನನಗೆ ಗೊತ್ತು.

ನಬೀಸಾಬನ ಕೆಮ್ಮು ಮೆಲ್ಲಗೆ ಇಳಿಯಿತು. ಆದರೆ ಅವನು ಮತ್ತೆ ಗಾದಿಯ ಮೇಲೆ ಮಲಗಲಿಲ್ಲ. ಯಾರು ಹಿಂಜಿದರೂ, ಎಷ್ಟು ದಿನ ಬಿಸಿಲಿಗೆ ಹಾಕಿದರೂ ಮುಟ್ಟಿ ಮೂಸಿ ತಳ್ಳಿಬಿಡುತ್ತಿದ್ದ. ಸಾವಿರಾರು ಗಾದಿ ಮಾರಿದವನು ತೇಗದ ಮಂಚದ ಮೇಲೆ ಈಚಲ ಚಾಪೆ ಹಾಸಿಕೊಂಡು ಆರು ವರ್ಷ ಬೆನ್ನು ನೋಯಿಸಿಕೊಂಡ. ನಲವತ್ತೇಳರಲ್ಲಿ ತೀರಿಕೊಂಡಾಗ ಮಾಬಮ್ಮ ಜಗಳೂರಿನಿಂದ ಹೊನ್ನಾಳಿಗೆ ಹೋದಳು. ಎಷ್ಟಾದರೂ ರಕ್ತಸಂಬಂಧ ಎಂದುಕೊಂಡರು ಜನ. ಅವಳು ನೇರ ಒಳಕೋಣೆಗೆ ಹೋಗಿ, ಮಂಚದ ಮೇಲಿನ ಚಾಪೆಯನ್ನು ಕಣ್ಣು ತುಂಬ ನೋಡಿ, ಬಂದ ದಾರಿ ಹಿಡಿದಳು.

ಅಷ್ಟು ಹೊತ್ತಿಗೆ ಅವಳಿಗೂ ಉಸಿರು ಸಾಲುತ್ತಿರಲಿಲ್ಲ. ಬೀದಿಯ ಏರು ಹತ್ತುವಾಗ ಮೂರು ಕಡೆ ಕೂರಬೇಕಾಗುತ್ತಿತ್ತು, ಎದೆಯಲ್ಲಿ ಅದೇ ಸುಂಯ್ ಸುಂಯ್. ಜಗಳೂರಿನ ಬಿಸಿಲಿಗೂ ಅದು ಒಣಗಲಿಲ್ಲ. ಬಾಗಿಲು ಹಾಕಿಕೊಂಡು ಹಿಂಜಿದ ಆ ಮೂರು ದಿನದ್ದು ಇದು ಎಂದು ಅವಳೇ ಹೇಳುತ್ತಿದ್ದಳು. ನೋಡಲು ಬಂದಿದ್ದ ಚೌಡಕ್ಕ ಒಮ್ಮೆ ತಡೆಯಲಾರದೆ ಅತ್ತುಬಿಟ್ಟಳು.

"ನನ್ನ ಮಾತು ಕೇಳಿ ಆ ಮೂರು ದಿನ ಹಿಂಜದೇ ಇದ್ದಿದ್ರೆ ನೀನು ಇವತ್ತು ಹಿಂಗೆ ಒದ್ದಾಡ್ತಿದ್ದೆ ಏನಕ್ಕಾ?"

ಮಾಬಮ್ಮ ಕೆಮ್ಮು ಮುಗಿಸಿ, ಬಾಯಿ ಒರೆಸಿಕೊಂಡು, ಗೋಡೆಯ ಮೇಲಿನ ಬಿಲ್ಲಿನ ಕಡೆ ನೋಡಿದಳು.

"ನಾಕು ದಿನ ಹಿಂಜಬೇಕಿತ್ತು ಕಣೇ" ಎಂದಳು.